ಕುಟುಂಬಕ್ಕೆ ಆರೋಗ್ಯ ವಿಮೆ: ಸಹಿ ಹಾಕುವ ಮುನ್ನ

"ಸಾರ್, ಮನೆಯವರಿಗೆಲ್ಲ ಸೇರಿ ಒಂದು ಹೆಲ್ತ್ ಇನ್ಸೂರೆನ್ಸ್ ಮಾಡಿಸ್ಬೇಕು ಅಂತ ಮಾಡೀವಿ. ಯಾವ್ದು ಚಲೋ ಐತೆ ಹೇಳ್ರಿ" ಎಂದು ಕೇಳುವವರು ಬಿಳಿಚೋಡಿನಂಥ ಹೋಬಳಿ ಊರಿನಲ್ಲೂ ಈಗ ಹೆಚ್ಚಾಗಿದ್ದಾರೆ. ಪ್ರಶ್ನೆ ಒಳ್ಳೆಯದೇ. ಆದರೆ ಕಾಯಿಲೆ ಏನೆಂದು ಹೇಳದೆ "ಯಾವ ಮಾತ್ರೆ ಒಳ್ಳೆಯದು" ಎಂದು ಕೇಳಿದಂತೆ ಇದು. ಮನೆಯಲ್ಲಿ ಎಷ್ಟು ಜನ, ಹಿರಿಯರ ವಯಸ್ಸೆಷ್ಟು, ಯಾರಿಗೆ ಸಕ್ಕರೆ ಕಾಯಿಲೆ ಇದೆ, ಪಡಿತರ ಚೀಟಿ ಯಾವ ಬಗೆಯದು, ರಾತ್ರಿ ಹೊತ್ತಿನಲ್ಲಿ ತುರ್ತು ಬಂದರೆ ಯಾವ ಆಸ್ಪತ್ರೆಗೆ ಓಡುತ್ತೀರಿ, ಇಷ್ಟನ್ನು ತಿಳಿಯದೆ ಯಾರೂ ಉತ್ತರ ಹೇಳಲಾರರು. ಹೇಳಿದರೆ ಅವರು ಏಜೆಂಟರೇ ಇರಬೇಕು.

ಮಳೆಯನ್ನು ನಂಬಿ ಮೆಕ್ಕೆಜೋಳ, ಶೇಂಗಾ, ಈರುಳ್ಳಿ ಬೆಳೆಯುವ ಜಗಳೂರು ಸೀಮೆಯಲ್ಲಿ ಒಂದು ಹೃದಯಾಘಾತ ಅಥವಾ ಅಜ್ಜಿಯ ಸೊಂಟದ ಮೂಳೆ ಮುರಿತ ಎಂದರೆ ಒಂದು ವರ್ಷದ ಬೆಳೆಯೇ ಹೋದಂತೆ. ಎತ್ತು ಮಾರುತ್ತಾರೆ, ಒಡವೆ ಅಡವಿಡುತ್ತಾರೆ, ಬಡ್ಡಿಗೆ ಸಾಲ ತರುತ್ತಾರೆ. ಕಾಯಿಲೆ ವಾಸಿಯಾಗಿ ಮನೆಗೆ ಬಂದ ಮೇಲೂ ಆ ಸಾಲ ಅವರನ್ನು ಬಿಡುವುದಿಲ್ಲ. ಸಾಲ ತೀರಿಸಲು ಖರ್ಚು ಕಡಿಮೆ ಮಾಡಬೇಕೆಂದಾಗ ಮೊದಲು ನಿಲ್ಲುವುದು ರೋಗಿಯ ದಿನದ ಮಾತ್ರೆ. ಎರಡನೇ ಸಲ ಆಸ್ಪತ್ರೆ ಸೇರುವವರಲ್ಲಿ ಹೀಗೆ ಮಾತ್ರೆ ಬಿಟ್ಟವರು ಬಹಳ ಜನ. ಆದ್ದರಿಂದ ಆಸ್ಪತ್ರೆ ಬಿಲ್ಲಿನ ವಿಚಾರ ವೈದ್ಯನಿಗೆ ಸಂಬಂಧಪಡದ್ದು ಎಂದು ನಾನು ಭಾವಿಸಿಲ್ಲ.

ಬಿಡಿ ವ್ಯಕ್ತಿಗಳಿಗೆ, ಕುಟುಂಬಗಳಿಗೆ ಆಸ್ಪತ್ರೆ ಖರ್ಚಿನ ವಿಮೆ ನಮ್ಮ ದೇಶದಲ್ಲಿ ವ್ಯಾಪಕವಾಗಿ ಬಂದದ್ದು 1986ರಲ್ಲಿ, ಸರ್ಕಾರಿ ಸ್ವಾಮ್ಯದ ನಾಲ್ಕು ಸಾಮಾನ್ಯ ವಿಮಾ ಕಂಪೆನಿಗಳು 'ಮೆಡಿಕ್ಲೇಮ್' ಆರಂಭಿಸಿದಾಗ. 1999ರ ಕಾಯಿದೆಯ ನಂತರ ಖಾಸಗಿ ಕಂಪೆನಿಗಳೂ ಬಂದವು. ಈಗ ಪಾಲಿಸಿಗಳ ಹೆಸರುಗಳನ್ನು ನೆನಪಿಡುವುದೇ ಕಷ್ಟ.

ಮೊದಲು ಬೀರು ತೆಗೆದು ನೋಡಿ

ಹೊಸದನ್ನು ಕೊಳ್ಳುವ ಮೊದಲು ಮನೆಯಲ್ಲಿ ಈಗಾಗಲೇ ಏನಿದೆ ಎಂದು ನೋಡಬೇಕು. ಎಷ್ಟೋ ಮನೆಗಳಲ್ಲಿ ವಿಮೆ ಇರುತ್ತದೆ, ಇದೆಯೆಂಬುದು ಗೊತ್ತಿರುವುದಿಲ್ಲ.

ಕರ್ನಾಟಕ ಸರ್ಕಾರ 2018ರ ಮಾರ್ಚ್‌ನಲ್ಲಿ 'ಆರೋಗ್ಯ ಕರ್ನಾಟಕ' ಯೋಜನೆಯನ್ನು ತಂದಿತು. ಅದೇ ವರ್ಷದ ಅಕ್ಟೋಬರ್‌ನಲ್ಲಿ ಅದು ಕೇಂದ್ರದ ಆಯುಷ್ಮಾನ್ ಭಾರತ್ ಜೊತೆ ಸೇರಿತು. ಸುವರ್ಣ ಆರೋಗ್ಯ ಸುರಕ್ಷಾ ಟ್ರಸ್ಟ್ ಇದನ್ನು ನಡೆಸುತ್ತದೆ. ಬಿಪಿಎಲ್ ಚೀಟಿ ಇರುವ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂ.ವರೆಗೆ ಚಿಕಿತ್ಸೆ ಉಚಿತ. ಎಪಿಎಲ್ ಕುಟುಂಬಕ್ಕೆ ನಿಗದಿತ ಪ್ಯಾಕೇಜ್ ದರದ ಶೇ. 30 ಭಾಗವನ್ನು ಮಾತ್ರ ಸರ್ಕಾರ ಭರಿಸುತ್ತದೆ, ಅದೂ ವರ್ಷಕ್ಕೆ 1.5 ಲಕ್ಷ ರೂ. ಮೀರದಂತೆ. ಉಳಿದ ಶೇ. 70 ನಿಮ್ಮದು. ಪಡಿತರ ಚೀಟಿ ಬಿಪಿಎಲ್‌ನಿಂದ ಎಪಿಎಲ್‌ಗೆ ಬದಲಾದಾಗ ಜನ ಅಕ್ಕಿ ಹೋಯಿತೆಂದು ಕೊರಗುತ್ತಾರೆ. ಅಕ್ಕಿಗಿಂತ ದೊಡ್ಡದು ಹೋಗಿರುತ್ತದೆ ಎಂಬುದು ಆಸ್ಪತ್ರೆ ಸೇರಿದ ದಿನ ತಿಳಿಯುತ್ತದೆ.

ಈ ಯೋಜನೆಯಲ್ಲಿ ಹೋಗುವ ದಾರಿ ಮುಖ್ಯ. ಸಾಧಾರಣ ಚಿಕಿತ್ಸೆಗಳು ಸರ್ಕಾರಿ ಆಸ್ಪತ್ರೆಯಲ್ಲಿ ಮಾತ್ರ. ಅಲ್ಲಿ ಆಗದ ದೊಡ್ಡ ಚಿಕಿತ್ಸೆಗೆ ಸರ್ಕಾರಿ ವೈದ್ಯರು ಶಿಫಾರಸು ಪತ್ರ ಕೊಡುತ್ತಾರೆ. ಅದನ್ನು ಹಿಡಿದು ಯೋಜನೆಗೆ ನೋಂದಾಯಿಸಿಕೊಂಡ ಖಾಸಗಿ ಆಸ್ಪತ್ರೆಗೆ ಹೋಗಬಹುದು. ಮೊದಲೇ ಖಾಸಗಿ ಆಸ್ಪತ್ರೆ ಸೇರಿ, ಮೂರನೇ ದಿನ ಪತ್ರಕ್ಕಾಗಿ ಜಗಳೂರು, ದಾವಣಗೆರೆ ಎಂದು ಅಲೆಯುವುದರಿಂದ ಪ್ರಯೋಜನವಿಲ್ಲ. ಆದರೆ ಜೀವಕ್ಕೆ ಅಪಾಯವಿರುವ ತುರ್ತು ಸ್ಥಿತಿಗಳ ಪಟ್ಟಿಯೊಂದು ಪ್ರತ್ಯೇಕವಾಗಿದೆ. ಅಂಥ ಸಂದರ್ಭದಲ್ಲಿ ಪತ್ರವಿಲ್ಲದೆ ನೇರವಾಗಿ ನೋಂದಾಯಿತ ಆಸ್ಪತ್ರೆಗೆ ಹೋಗಬಹುದು. ಎದೆನೋವಿನಿಂದ ಬೆವರುತ್ತಿರುವವರನ್ನು ಪತ್ರಕ್ಕಾಗಿ ಕಾಯಿಸಬೇಡಿ. ನೋಂದಾಯಿತ ಆಸ್ಪತ್ರೆಗಳಲ್ಲಿ 'ಆರೋಗ್ಯ ಮಿತ್ರ' ಎಂಬ ಸಿಬ್ಬಂದಿ ಇರುತ್ತಾರೆ. ಹಣ ಕಟ್ಟುವ ಕಿಟಕಿಗೆ ಹೋಗುವ ಮೊದಲು ಅವರನ್ನು ಕಾಣಿರಿ. ಕಾರ್ಡನ್ನು ಮಾತ್ರ ಈಗಲೇ ಮನೆಯ ಪ್ರತಿಯೊಬ್ಬರ ಹೆಸರಿಗೂ ಮಾಡಿಸಿಟ್ಟುಕೊಳ್ಳಿ.

ಇನ್ನೊಂದು ಯಶಸ್ವಿನಿ. ಸಹಕಾರ ಸಂಘಗಳ ಸದಸ್ಯರಿಗಾಗಿ 2003ರಲ್ಲಿ ಚಾಲನೆಗೆ ಬಂದ ಈ ಯೋಜನೆ 2018ರಲ್ಲಿ ನಿಂತುಹೋಗಿ, 2022-23ರಲ್ಲಿ ಮತ್ತೆ ಶುರುವಾಯಿತು. ಮರು ಆರಂಭವಾದಾಗ ನಿಗದಿಯಾದ ವಂತಿಗೆ ಗ್ರಾಮೀಣ ಪ್ರದೇಶದ ನಾಲ್ವರ ಕುಟುಂಬಕ್ಕೆ ವರ್ಷಕ್ಕೆ 500 ರೂ., ನಗರದವರಿಗೆ 1,000 ರೂ. ಕುಟುಂಬಕ್ಕೆ 5 ಲಕ್ಷ ರೂ.ವರೆಗೆ ಚಿಕಿತ್ಸೆ. ನಿಮ್ಮ ವ್ಯವಸಾಯ ಸೇವಾ ಸಹಕಾರ ಸಂಘದಲ್ಲೋ ಹಾಲಿನ ಡೇರಿಯಲ್ಲೋ ಸದಸ್ಯರಾಗಿದ್ದರೆ ಕಾರ್ಯದರ್ಶಿಯನ್ನು ವಿಚಾರಿಸಿ. ನೋಂದಣಿಗೆ ಕೊನೆಯ ದಿನಾಂಕವಿರುತ್ತದೆ. ಅದನ್ನು ತಪ್ಪಿಸಿಕೊಂಡರೆ ಮುಂದಿನ ವರ್ಷದವರೆಗೆ ಕಾಯಬೇಕು. ಎಪಿಎಲ್ ಚೀಟಿಯ ರೈತ ಕುಟುಂಬಕ್ಕೆ ಇಷ್ಟು ಅಗ್ಗದ ರಕ್ಷಣೆ ಬೇರೆ ಇಲ್ಲ. ಬೀಡಾ ಅಂಗಡಿಗೆ ತಿಂಗಳಿಗೆ ಇದಕ್ಕಿಂತ ಹೆಚ್ಚು ಕೊಡುವವರಿದ್ದಾರೆ.

ದಾವಣಗೆರೆಯಲ್ಲೋ ಬೆಂಗಳೂರಿನಲ್ಲೋ ದುಡಿಯುವ ಮಗನಿಗೆ ಇಎಸ್‌ಐ ಅಥವಾ ಕಂಪೆನಿಯ ಗುಂಪು ವಿಮೆ ಇರಬಹುದು. ಅದರಲ್ಲಿ ತಂದೆ ತಾಯಿಯ ಹೆಸರು ಸೇರಿದೆಯೇ ಎಂದು ಕೇಳಿ. ಕೆಲಸ ಬಿಟ್ಟ ದಿನ ಗುಂಪು ವಿಮೆಯೂ ಸಾಮಾನ್ಯವಾಗಿ ಮುಗಿಯುತ್ತದೆ ಎಂಬುದನ್ನೂ ಮರೆಯಬೇಡಿ.

ಇಷ್ಟನ್ನೂ ನೋಡಿದ ಮೇಲೆ ನನ್ನ ಅಭಿಪ್ರಾಯ ಇದು: ಬಿಪಿಎಲ್ ಚೀಟಿಯ ಕುಟುಂಬ ಸಾಲ ಮಾಡಿ ಖಾಸಗಿ ಪಾಲಿಸಿ ಕೊಳ್ಳುವ ಅಗತ್ಯ ಸಾಮಾನ್ಯವಾಗಿ ಇಲ್ಲ. ಎಪಿಎಲ್ ಕುಟುಂಬ, ಸಣ್ಣ ವ್ಯಾಪಾರಿ, ಅಡಿಕೆ ತೋಟದವರು, ಖಾಸಗಿ ಶಾಲೆಯ ಶಿಕ್ಷಕರು, ಇವರು ಕೊಳ್ಳುವುದನ್ನು ಗಂಭೀರವಾಗಿ ಯೋಚಿಸಬೇಕು.

ಕೊಡದಿರುವುದನ್ನು ಓದಿ

ಪಾಲಿಸಿಯ ಮೊದಲ ಪುಟದಲ್ಲಿ ನಗುತ್ತಿರುವ ಕುಟುಂಬದ ಚಿತ್ರವೂ ದಪ್ಪ ಅಕ್ಷರದ ಲಕ್ಷಗಳೂ ಇರುತ್ತವೆ. ಓದಬೇಕಾದದ್ದು ಒಳಗಿನ ಸಣ್ಣಕ್ಷರ.

ಆರೋಗ್ಯ ವಿಮೆ ಎಂದರೆ ಬಹುಪಾಲು ಆಸ್ಪತ್ರೆಯಲ್ಲಿ ಒಳರೋಗಿಯಾಗಿ ದಾಖಲಾದಾಗಿನ ಖರ್ಚಿನ ವಿಮೆ. ತಿಂಗಳು ತಿಂಗಳು ಕೊಳ್ಳುವ ರಕ್ತದೊತ್ತಡದ ಮಾತ್ರೆ, ಜ್ವರಕ್ಕೆ ನನ್ನಂಥವರ ಬಳಿ ಬಂದು ತೋರಿಸಿಕೊಂಡ ಫೀಸು ಸಾಮಾನ್ಯ ಪಾಲಿಸಿಗಳಲ್ಲಿ ಸಿಗುವುದಿಲ್ಲ. (ರಕ್ತದೊತ್ತಡ, ಸಕ್ಕರೆ ಕಾಯಿಲೆಯ ಮಾತ್ರೆಗಳು ಸರ್ಕಾರಿ ಆಸ್ಪತ್ರೆಯಲ್ಲಿ ಉಚಿತವಾಗಿ ಸಿಗುತ್ತವೆ, ಅಲ್ಲಿ ಕೇಳಿ ಪಡೆಯಿರಿ.) ಸಾಮಾನ್ಯವಾಗಿ 24 ಗಂಟೆ ದಾಖಲಾಗಿರಬೇಕೆಂಬ ನಿಯಮವಿದೆ. ಕಣ್ಣಿನ ಪೊರೆ ಶಸ್ತ್ರಚಿಕಿತ್ಸೆ, ಡಯಾಲಿಸಿಸ್ ಮುಂತಾದವುಗಳಿಗೆ ಈ ನಿಯಮ ಸಡಿಲ. "ಒಂದಿನ ಅಡ್ಮಿಟ್ ಅಂತ ಬರ್ದುಬಿಡ್ರಿ ಸಾರ್, ಸ್ಕ್ಯಾನಿಂಗ್ ಖರ್ಚು ಬರ್ತೈತೆ" ಎಂದು ಕೇಳುವವರಿದ್ದಾರೆ. ದಯವಿಟ್ಟು ಯಾವ ವೈದ್ಯರನ್ನೂ ಹೀಗೆ ಕೇಳಬೇಡಿ. ಬರೀ ಪರೀಕ್ಷೆಗಾಗಿ ದಾಖಲಾದದ್ದನ್ನು ಕಂಪೆನಿ ಒಪ್ಪುವುದಿಲ್ಲ. ಸುಳ್ಳು ಕ್ಲೇಮು ಎಂದು ಸಾಬೀತಾದರೆ ಪಾಲಿಸಿಯೇ ರದ್ದಾಗುತ್ತದೆ.

ಎರಡನೆಯದು ಕಾಯುವ ಅವಧಿ. ಪಾಲಿಸಿ ಕೊಂಡ ಮೊದಲ 30 ದಿನ ಅಪಘಾತ ಬಿಟ್ಟು ಬೇರೆ ಕಾಯಿಲೆಗೆ ಹಣವಿಲ್ಲ. ಹರ್ನಿಯಾ, ಮೂಲವ್ಯಾಧಿ, ಪಿತ್ತಕೋಶದ ಕಲ್ಲು, ಗರ್ಭಕೋಶ ತೆಗೆಯುವುದು, ಕಣ್ಣಿನ ಪೊರೆ ಇಂಥವುಗಳಿಗೆ ಹಲವು ಪಾಲಿಸಿಗಳಲ್ಲಿ ಎರಡು ವರ್ಷ ಕಾಯಬೇಕು. ಮೊದಲೇ ಇದ್ದ ಕಾಯಿಲೆಗಳಿಗೆ ಇನ್ನೂ ಹೆಚ್ಚು. ಹಿಂದೆ ಇದು ನಾಲ್ಕು ವರ್ಷದವರೆಗೂ ಇತ್ತು. 2024ರ ಏಪ್ರಿಲ್‌ನಿಂದ ಮೂರು ವರ್ಷಕ್ಕಿಂತ ಹೆಚ್ಚು ಇರಕೂಡದೆಂದು ವಿಮಾ ನಿಯಂತ್ರಣ ಪ್ರಾಧಿಕಾರ ನಿಯಮ ಮಾಡಿದೆ. ಅಂದರೆ ಹೊಟ್ಟೆನೋವು ಶುರುವಾಗಿ ಸ್ಕ್ಯಾನಿಂಗ್‌ನಲ್ಲಿ ಕಲ್ಲು ಕಂಡ ಮೇಲೆ ಪಾಲಿಸಿ ಕೊಂಡರೆ ಆ ಕಲ್ಲಿಗೆ ಅದು ಬೇಗ ಒದಗುವುದಿಲ್ಲ. ಮನೆಯವರೆಲ್ಲ ಗಟ್ಟಿಮುಟ್ಟಾಗಿರುವಾಗಲೇ ಕೊಳ್ಳಬೇಕಾದ ವಸ್ತು ಇದು. ಕಂತು ತಪ್ಪಿ ಪಾಲಿಸಿ ಮುರಿದುಬಿದ್ದರೆ ಈ ಕಾಯುವ ಅವಧಿಯೆಲ್ಲ ಮತ್ತೆ ಸೊನ್ನೆಯಿಂದ ಶುರು. ಆದ್ದರಿಂದ ರೈತರಿಗೆ ಒಂದು ಸಲಹೆ: ಬಿತ್ತನೆ ಬೀಜ, ಗೊಬ್ಬರಕ್ಕೆ ದುಡ್ಡು ಬೇಕಾದ ಜೂನ್ ತಿಂಗಳಿನಲ್ಲಿ ಪಾಲಿಸಿ ಆರಂಭಿಸಬೇಡಿ. ಮೆಕ್ಕೆಜೋಳ ಮಾರಿ ಕೈಯಲ್ಲಿ ಕಾಸಿರುವ ತಿಂಗಳಲ್ಲಿ ಆರಂಭಿಸಿ. ಪ್ರತಿ ವರ್ಷದ ನವೀಕರಣವೂ ಅದೇ ತಿಂಗಳಲ್ಲಿ ಬರುತ್ತದೆ.

ಮೂರನೆಯದು ಕೊಠಡಿ ಬಾಡಿಗೆ. ನನ್ನ ಅನುಭವದಲ್ಲಿ ವಿದ್ಯಾವಂತರೂ ಎಡವುವುದು ಇಲ್ಲಿಯೇ. ಒಂದು ಲೆಕ್ಕ ಮಾಡೋಣ. ನಿಮ್ಮ ಪಾಲಿಸಿ 3 ಲಕ್ಷದ್ದು, ಅದರಲ್ಲಿ ದಿನದ ಕೊಠಡಿ ಬಾಡಿಗೆ ವಿಮಾ ಮೊತ್ತದ ಶೇ. 1, ಅಂದರೆ 3,000 ರೂ. ಎಂದಿದೆ. ನೀವು 6,000 ರೂ.ನ ಕೊಠಡಿಯಲ್ಲಿ ನಾಲ್ಕು ದಿನ ಇದ್ದಿರಿ. ಹೆಚ್ಚಿನ 12,000 ರೂ. ಕೈಯಿಂದ ಕೊಟ್ಟರಾಯಿತು ಎಂದುಕೊಳ್ಳುತ್ತೀರಿ. ಹಾಗಲ್ಲ. ಅರ್ಹತೆಯ ಎರಡರಷ್ಟು ಬಾಡಿಗೆಯ ಕೊಠಡಿ ತೆಗೆದುಕೊಂಡದ್ದರಿಂದ ಶಸ್ತ್ರವೈದ್ಯರ ಫೀಸು, ಅರಿವಳಿಕೆ, ಆಪರೇಷನ್ ಥಿಯೇಟರ್, ಶುಶ್ರೂಷೆ ಇವುಗಳಿಗೂ ಅರ್ಧ ಮಾತ್ರ ಸಿಗಬಹುದು. ಇವೆಲ್ಲ 80,000 ರೂ. ಆಗಿದ್ದರೆ 40,000 ನಿಮ್ಮ ತಲೆಗೆ. ಕೊಠಡಿಯದೂ ಸೇರಿ 52,000. ಔಷಧಿ, ಅಳವಡಿಸುವ ಉಪಕರಣ, ರಕ್ತಪರೀಕ್ಷೆ, ಐಸಿಯು ಖರ್ಚುಗಳಿಗೆ ಈ ಅನುಪಾತದ ಕಡಿತ ಮಾಡುವಂತಿಲ್ಲ. ಕೊಠಡಿಗೆ ತಕ್ಕಂತೆ ಫೀಸು ಬದಲಾಯಿಸದ ಆಸ್ಪತ್ರೆಯಲ್ಲೂ ಮಾಡುವಂತಿಲ್ಲ. ಆದರೂ ಮೊತ್ತ ಸಣ್ಣದಲ್ಲ. ಬಾಡಿಗೆಯ ಮಿತಿ ಇಲ್ಲದ ಪಾಲಿಸಿ ಸಿಕ್ಕರೆ ಸ್ವಲ್ಪ ಹೆಚ್ಚು ಕಂತಾದರೂ ಅದನ್ನೇ ನೋಡಿ. ಮಿತಿ ಇದ್ದರೆ ದಾಖಲಾಗುವಾಗಲೇ ಅದಕ್ಕೆ ಹೊಂದುವ ಕೊಠಡಿ ಕೇಳಿ. ಕೊಠಡಿಗೆ ಹವಾನಿಯಂತ್ರಣ ಇದ್ದ ಮಾತ್ರಕ್ಕೆ ಗಾಯ ಬೇಗ ಮಾಯುವುದಿಲ್ಲ.

ಇದರ ಜೊತೆಗೆ 'ಕೋ-ಪೇ', ಅಂದರೆ ಪ್ರತಿ ಬಿಲ್ಲಿನಲ್ಲೂ ನಿಮ್ಮ ಪಾಲು ಇಷ್ಟು ಎಂಬ ಷರತ್ತು ಇದೆಯೇ ನೋಡಿ. ಶೇ. 5 ಆದರೆ ಸಹಿಸಬಹುದು. ವಯಸ್ಸಾದವರ ಕೆಲವು ಪಾಲಿಸಿಗಳಲ್ಲಿ ಇದು ಬಹಳ ಹೆಚ್ಚಿರುತ್ತದೆ.

ಹೋಲಿಸಿ ನೋಡಲು ಒಂದು ಅಳತೆಗೋಲು ಬೇಕಾದರೆ 'ಆರೋಗ್ಯ ಸಂಜೀವಿನಿ' ಇದೆ. ಪ್ರಾಧಿಕಾರದ ಆದೇಶದಂತೆ 2020ರ ಏಪ್ರಿಲ್‌ನಿಂದ ಆರೋಗ್ಯ ವಿಮೆ ಮಾರುವ ಕಂಪೆನಿಗಳು ಒಂದೇ ಬಗೆಯ ಷರತ್ತುಗಳಲ್ಲಿ ಕೊಡುತ್ತಿರುವ ಪಾಲಿಸಿ ಇದು. ಕೊಠಡಿಗೆ ವಿಮಾ ಮೊತ್ತದ ಶೇ. 2, ಗರಿಷ್ಠ ದಿನಕ್ಕೆ 5,000 ರೂ.; ಕೋ-ಪೇ ಶೇ. 5. ಷರತ್ತು ಒಂದೇ, ಕಂತು ಮಾತ್ರ ಕಂಪೆನಿಯಿಂದ ಕಂಪೆನಿಗೆ ಬೇರೆ. ಏಜೆಂಟರು ತೋರಿಸುವ ಪಾಲಿಸಿ ಇದಕ್ಕಿಂತ ಯಾವುದರಲ್ಲಿ ಉತ್ತಮ ಎಂದು ಅವರನ್ನೇ ಕೇಳಿ. (ರಾಜ್ಯ ಸರ್ಕಾರಿ ನೌಕರರಿಗಿರುವ ಇದೇ ಹೆಸರಿನ ಯೋಜನೆ ಬೇರೆ, ಎರಡನ್ನೂ ಬೆರೆಸಬೇಡಿ.)

ಒಂದೇ ಪಾಲಿಸಿಯೋ, ಬೇರೆ ಬೇರೆಯೋ?

ಇಡೀ ಕುಟುಂಬಕ್ಕೆ ಒಂದೇ ಮೊತ್ತವನ್ನು ಹಂಚಿಕೊಳ್ಳುವ ಪಾಲಿಸಿಗೆ 'ಫ್ಲೋಟರ್' ಎನ್ನುತ್ತಾರೆ. ಗಂಡ, ಹೆಂಡತಿ, ಇಬ್ಬರು ಮಕ್ಕಳಿಗೆ ಇದು ಅನುಕೂಲ, ಕಂತೂ ಕಡಿಮೆ. ಆದರೆ ಇದರಲ್ಲಿ ಕಂತು ನಿಗದಿಯಾಗುವುದು ಮನೆಯ ಅತಿ ಹಿರಿಯರ ವಯಸ್ಸಿನ ಮೇಲೆ. 68ರ ಅಪ್ಪನನ್ನೂ ಅದರಲ್ಲೇ ಸೇರಿಸಿದರೆ ಎಲ್ಲರ ಕಂತೂ ಏರುತ್ತದೆ. ಅಪ್ಪನಿಗೇ ಒಂದು ದೊಡ್ಡ ಚಿಕಿತ್ಸೆಯಾದರೆ ಆ ವರ್ಷ ಉಳಿದವರಿಗೆ ಏನೂ ಉಳಿಯದಿರಬಹುದು. ತಂದೆ ತಾಯಿಗೆ ಬೇರೆ ಪಾಲಿಸಿ ಮಾಡಿಸುವುದೇ ಸರಿ. 65 ದಾಟಿದವರಿಗೆ ಪಾಲಿಸಿ ಸಿಗುವುದೇ ಇಲ್ಲ ಎಂಬ ಮಾತು ಈಗ ನಿಜವಲ್ಲ; ಎಲ್ಲ ವಯಸ್ಸಿನವರಿಗೂ ಪಾಲಿಸಿ ಒದಗಿಸಬೇಕೆಂದು 2024ರಲ್ಲಿ ಕಂಪೆನಿಗಳಿಗೆ ಸೂಚನೆ ಹೋಗಿದೆ. ಹಿರಿಯ ನಾಗರಿಕರ ಕಂತನ್ನು ಒಂದು ವರ್ಷದಲ್ಲಿ ಶೇ. 10ಕ್ಕಿಂತ ಹೆಚ್ಚು ಏರಿಸಬೇಕಾದರೆ ಪ್ರಾಧಿಕಾರದೊಂದಿಗೆ ಸಮಾಲೋಚಿಸಬೇಕೆಂದು 2025ರ ಜನವರಿಯಲ್ಲಿ ಆದೇಶವಾಗಿದೆ. 2025ರ ಸೆಪ್ಟೆಂಬರ್ 22ರಿಂದ ವೈಯಕ್ತಿಕ ಮತ್ತು ಕುಟುಂಬದ ಆರೋಗ್ಯ ವಿಮೆಯ ಕಂತಿನ ಮೇಲಿದ್ದ ಶೇ. 18ರ ಜಿಎಸ್‌ಟಿಯೂ ಇಲ್ಲ. ರಸೀದಿಯಲ್ಲಿ ಆ ಸಾಲು ಕಂಡರೆ ಪ್ರಶ್ನಿಸಿ.

ಹೆರಿಗೆಗಾಗಿಯೇ ಪಾಲಿಸಿ ಕೊಳ್ಳಬೇಕೆನ್ನುವ ಹೊಸ ದಂಪತಿಗಳು ಲೆಕ್ಕ ಹಾಕಿ ನೋಡಲಿ. ಹಲವು ಪಾಲಿಸಿಗಳಲ್ಲಿ ಹೆರಿಗೆ ಇರುವುದಿಲ್ಲ. ಇದ್ದರೂ ದೀರ್ಘ ಕಾಯುವ ಅವಧಿ, ಸಣ್ಣ ಮೊತ್ತ. ಸರ್ಕಾರಿ ಆಸ್ಪತ್ರೆಯಲ್ಲಿ ಹೆರಿಗೆ, ಸಿಸೇರಿಯನ್ ಸಹ, 2011ರಿಂದ ಉಚಿತ.

ಮುಚ್ಚಿಟ್ಟರೆ

ಅರ್ಜಿ ನಮೂನೆಯನ್ನು ಸಾಮಾನ್ಯವಾಗಿ ತುಂಬುವವರು ಏಜೆಂಟರು. ಅವರು ಪರಿಚಯದವರೇ, ಕೆಲವೊಮ್ಮೆ ನೆಂಟರೇ ಆಗಿರುತ್ತಾರೆ. "ಶುಗರ್ ಇದೆ ಅಂತ ಬರೆದರೆ ಕಂತು ಜಾಸ್ತಿ ಆಗ್ತದೆ, ಬಿಟ್ಟುಬಿಡಿ" ಎನ್ನುತ್ತಾರೆ. ನೀವು ಸಹಿ ಹಾಕುತ್ತೀರಿ. ಎರಡು ವರ್ಷದ ನಂತರ ಹೃದಯಾಘಾತವಾಗಿ ಆಸ್ಪತ್ರೆ ಸೇರಿದಾಗ ಅಲ್ಲಿನ ಕಿರಿಯ ವೈದ್ಯರು ನಿಯಮದಂತೆ ಕೇಳುತ್ತಾರೆ: "ಸಕ್ಕರೆ ಕಾಯಿಲೆ ಇದೆಯಾ? ಎಷ್ಟು ವರ್ಷದಿಂದ?" ಗಾಬರಿಯಲ್ಲಿರುವ ಹೆಂಡತಿ ಇದ್ದದ್ದನ್ನೇ ಹೇಳುತ್ತಾರೆ. ಹೇಳಲೇಬೇಕು, ಚಿಕಿತ್ಸೆ ಅದರ ಮೇಲೆ ನಿಂತಿದೆ. ಅದು ಕೇಸ್ ಶೀಟಿನಲ್ಲಿ ದಾಖಲಾಗುತ್ತದೆ. ಕಂಪೆನಿಯವರು ಮೊದಲು ಓದುವುದು ಆ ಸಾಲನ್ನು. ಅರ್ಜಿಯಲ್ಲಿ 'ಇಲ್ಲ', ಕೇಸ್ ಶೀಟಿನಲ್ಲಿ 'ಐದು ವರ್ಷದಿಂದ'. ಕ್ಲೇಮು ತಿರಸ್ಕೃತವಾಗುತ್ತದೆ. ಕಟ್ಟಿದ ಕಂತುಗಳೂ ಹೋದವು, ಬಿಲ್ಲೂ ನಿಮ್ಮ ಮೇಲೆ ಬಿತ್ತು. ಏಜೆಂಟರ ಸಹಿ ಎಲ್ಲಿದ್ದರೂ ಘೋಷಣೆಯ ಕೆಳಗಿರುವ ಸಹಿ ನಿಮ್ಮದು.

ಐದು ವರ್ಷ ಸತತವಾಗಿ ಪಾಲಿಸಿ ನಡೆಸಿದ ಮೇಲೆ ಮಾಹಿತಿ ಮುಚ್ಚಿಟ್ಟ ಕಾರಣಕ್ಕೆ ಕ್ಲೇಮು ನಿರಾಕರಿಸುವಂತಿಲ್ಲ ಎಂದು 2024ರಿಂದ ನಿಯಮವಿದೆ ನಿಜ. ಆದರೆ ವಂಚನೆ ಎಂದು ಸಾಬೀತಾದರೆ ಈ ರಕ್ಷಣೆಯೂ ಇಲ್ಲ. ಸತ್ಯ ಬರೆದು ಮೂರು ವರ್ಷ ಕಾಯುವುದು, ಸುಳ್ಳು ಬರೆದು ಐದು ವರ್ಷ ಹೆದರಿಕೊಂಡಿರುವುದಕ್ಕಿಂತ ಲೇಸು.

ಇದಕ್ಕೆ ತಿರುವಾದ ತೊಂದರೆಯೂ ಇದೆ. ನಮ್ಮ ಜನ ಕಾಲವನ್ನು ಅಂದಾಜಿನಲ್ಲಿ ಹೇಳುವವರು. ಒಂದೂವರೆ ವರ್ಷದ ಹಿಂದೆ ಪತ್ತೆಯಾದ ರಕ್ತದೊತ್ತಡವನ್ನು "ಆಯ್ತು ನಾಕೈದು ವರ್ಸ" ಎಂದುಬಿಡುತ್ತಾರೆ. ಪಾಲಿಸಿ ಕೊಂಡದ್ದು ಮೂರು ವರ್ಷದ ಹಿಂದೆ. ಈ ಒಂದು ಮಾತಿನಿಂದ ಪ್ರಾಮಾಣಿಕರೂ ಸುಳ್ಳು ಹೇಳಿದವರಾಗುತ್ತಾರೆ. ಆದ್ದರಿಂದ ಕಾಯಿಲೆ ಮೊದಲು ಪತ್ತೆಯಾದ ದಿನದ ವೈದ್ಯರ ಚೀಟಿ, ರಕ್ತಪರೀಕ್ಷೆಯ ವರದಿ ಇವನ್ನು ಎಸೆಯಬೇಡಿ. ಪಾಲಿಸಿಯ ಜೊತೆಗೇ ಇಡಿ. ಆಸ್ಪತ್ರೆಯಲ್ಲಿ ಅದನ್ನೇ ತೋರಿಸಿ ತಿಂಗಳು, ವರ್ಷ ಸರಿಯಾಗಿ ಬರೆಸಿ.

ಹೆಸರು, ವಯಸ್ಸುಗಳೂ ಹೀಗೆಯೇ. ಆಧಾರ್‌ನಲ್ಲಿ ಬಸವರಾಜಪ್ಪ, ಪಡಿತರ ಚೀಟಿಯಲ್ಲಿ ಬಸಪ್ಪ, ಪಾಲಿಸಿಯಲ್ಲಿ ಬಸವರಾಜ, ಆಸ್ಪತ್ರೆಯಲ್ಲಿ ಮನೆಯವರು ಕರೆಯುವ ಹೆಸರು. ನಾಲ್ವರೂ ಒಬ್ಬರೇ ಎಂದು ಊರಿಗೆಲ್ಲ ಗೊತ್ತು, ಕಂಪೆನಿಗೆ ಗೊತ್ತಿಲ್ಲ. ಎಲ್ಲ ಕಡೆ ಆಧಾರ್‌ನಲ್ಲಿರುವಂತೆಯೇ ಇರಲಿ.

ಆಸ್ಪತ್ರೆಯ ಬಾಗಿಲಲ್ಲಿ

ನಮ್ಮ ಕಡೆಯವರು ದೊಡ್ಡ ಕಾಯಿಲೆಗೆ ಹೋಗುವುದು ಹೆಚ್ಚಾಗಿ ದಾವಣಗೆರೆಗೆ. ಕಂಪೆನಿಯ ನಗದುರಹಿತ ಆಸ್ಪತ್ರೆಗಳ ಪಟ್ಟಿಯಲ್ಲಿ ಬೆಂಗಳೂರಿನ ನೂರು ಆಸ್ಪತ್ರೆಗಳಿದ್ದು, ನೀವು ನಿಜವಾಗಿ ಹೋಗುವ ದಾವಣಗೆರೆಯ ಆಸ್ಪತ್ರೆ ಇಲ್ಲದಿದ್ದರೆ ಏನು ಉಪಯೋಗ? ಕೊಳ್ಳುವ ಮೊದಲು ಆಸ್ಪತ್ರೆಯ ವಿಮಾ ವಿಭಾಗದಲ್ಲೇ ವಿಚಾರಿಸಿ. ಯಾವ ಕಂಪೆನಿ ಸರಿಯಾಗಿ ಹಣ ಕೊಡುತ್ತದೆ ಎಂಬುದೂ ಅಲ್ಲಿನ ಗುಮಾಸ್ತರಿಗೆ ಏಜೆಂಟರಿಗಿಂತ ಚೆನ್ನಾಗಿ ಗೊತ್ತಿರುತ್ತದೆ.

ಮೊದಲೇ ನಿಗದಿಯಾದ ಶಸ್ತ್ರಚಿಕಿತ್ಸೆಯಾದರೆ ಎರಡು ದಿನ ಮುಂಚೆ, ತುರ್ತಾದರೆ ದಾಖಲಾದ 24 ಗಂಟೆಯೊಳಗೆ ಕಂಪೆನಿಗೆ ತಿಳಿಸಿ. ನಗದುರಹಿತ ಚಿಕಿತ್ಸೆಯ ಕೋರಿಕೆಗೆ ಒಂದು ಗಂಟೆಯಲ್ಲಿ, ಬಿಡುಗಡೆಯ ಹೊತ್ತಿನ ಅಂತಿಮ ಬಿಲ್ಲಿಗೆ ಮೂರು ಗಂಟೆಯಲ್ಲಿ ಕಂಪೆನಿ ಉತ್ತರಿಸಬೇಕೆಂದು 2024ರ ಮೇ ತಿಂಗಳ ಸುತ್ತೋಲೆ ಹೇಳುತ್ತದೆ. ದಾಖಲಾಗುವ ಮೊದಲಿನ ಒಂದು ತಿಂಗಳು, ಬಿಡುಗಡೆಯಾದ ಮೇಲಿನ ಎರಡು ತಿಂಗಳ ಔಷಧಿ, ಪರೀಕ್ಷೆಗಳ ಖರ್ಚನ್ನೂ ಅದೇ ಕಾಯಿಲೆಯದಾದರೆ ಹಲವು ಪಾಲಿಸಿಗಳು ಕೊಡುತ್ತವೆ. ಬಿಲ್ಲಿಲ್ಲದ ಔಷಧಿಗೆ ಮಾತ್ರ ಯಾರೂ ಕೊಡುವುದಿಲ್ಲ.

ಪಾಲಿಸಿ ಕೈಗೆ ಬಂದ 30 ದಿನಗಳಲ್ಲಿ ಓದಿ ನೋಡಿ, ಏಜೆಂಟರು ಹೇಳಿದಂತೆ ಇಲ್ಲವಾದರೆ ಹಿಂದಿರುಗಿಸಬಹುದು. ಸ್ವಲ್ಪ ಕಡಿತದೊಂದಿಗೆ ಹಣ ವಾಪಸಾಗುತ್ತದೆ. ಮನೆಯಲ್ಲಿ ಓದು ಬಲ್ಲ ಮಗಳೋ ಮೊಮ್ಮಗನೋ ಇದ್ದರೆ ಒಂದು ಭಾನುವಾರ ಕೂಡಿಸಿಕೊಂಡು ಓದಿಸಿ, 'ಇವಕ್ಕೆ ಅನ್ವಯಿಸುವುದಿಲ್ಲ' ಎಂಬ ಭಾಗವನ್ನು ಎರಡು ಸಲ.

ನ್ಯಾಯವಾದ ಕ್ಲೇಮು ತಿರಸ್ಕಾರವಾದರೆ ಸುಮ್ಮನಾಗಬೇಡಿ. ಕಾರಣವನ್ನು ಬರವಣಿಗೆಯಲ್ಲಿ ಕೇಳಿ ಪಡೆಯಿರಿ. ಮೊದಲು ಕಂಪೆನಿಯ ದೂರು ವಿಭಾಗಕ್ಕೆ ಬರೆಯಿರಿ. ಪ್ರಾಧಿಕಾರದ ಸಹಾಯವಾಣಿ 155255. ಒಂದು ತಿಂಗಳಲ್ಲಿ ಉತ್ತರ ಬಾರದಿದ್ದರೆ ಅಥವಾ ಬಂದ ಉತ್ತರ ಒಪ್ಪಿಗೆಯಾಗದಿದ್ದರೆ ಬೆಂಗಳೂರಿನಲ್ಲಿರುವ ವಿಮಾ ಒಂಬುಡ್ಸ್‌ಮನ್ ಕಚೇರಿಗೆ ಒಂದು ವರ್ಷದೊಳಗೆ ದೂರು ಕೊಡಬಹುದು. 50 ಲಕ್ಷ ರೂ.ವರೆಗಿನ ವ್ಯಾಜ್ಯಗಳನ್ನು ಅಲ್ಲಿ ನೋಡುತ್ತಾರೆ. ಶುಲ್ಕವಿಲ್ಲ, ವಕೀಲರೂ ಬೇಕಿಲ್ಲ. ದೂರಿನ ಜೊತೆ ಪಾಲಿಸಿಯ ಪ್ರತಿ, ತಿರಸ್ಕಾರದ ಪತ್ರ, ಡಿಸ್ಚಾರ್ಜ್ ಸಾರಾಂಶ, ಮತ್ತು ಮೇಲೆ ಹೇಳಿದ ಆ ಮೊದಲ ದಿನದ ವೈದ್ಯರ ಚೀಟಿ ಇವುಗಳ ನಕಲುಗಳನ್ನು ಲಗತ್ತಿಸಿ. ಮೂಲ ಕಾಗದಗಳು ನಿಮ್ಮ ಬಳಿಯೇ ಇರಲಿ.